ಎಂಟರಿಂದ ಒಂಬತ್ತಕ್ಕೆ

ನನ್ನಂಥ ಡಿಜೆ ಈ ಭೂಮಿ ಮೇಲೆ ಇನ್ನೊಬ್ಬ ಹುಟ್ಟಿಲ್ಲ, ಚಂದ್ರನ ಮೇಲಿದ್ದರೆ ಗೊತ್ತಿಲ್ಲ. ನಾನು ಮಿಕ್ಸರಿನ ಫೇಡರ್ ಮುಟ್ಟಿದರೆ ಪಣಂಬೂರಿನ ಕಡಲೂ ತಾಳ ತಪ್ಪದೆ ದಡಕ್ಕೆ ಬಡಿಯುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಒಂಬೈನೂರು ಹೃದಯಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದ್ದೇನೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾದ ಜಾಗವನ್ನು ತೋರಿಸಲು ದೇವರಿಂದಲೂ ಆಗಿಲ್ಲ.

ಹೃದಯ ಕಸಿ ಎಂದರೆ ಗೊತ್ತಲ್ಲ, ಪ್ರತಿಯೊಬ್ಬರ ಹೃದಯಕ್ಕೂ ಒಂದು ಹಾಡು; ಕೊಟ್ಟವರ ಹಾಡಿನೊಳಗೆ ಪಡೆದವರ ಹಾಡನ್ನು ಬೆರೆಸಬೇಕು. ಶ್ರುತಿ ಕೆಟ್ಟರೆ ಹೃದಯ ನಿಲ್ಲುತ್ತದೆ. ಎಂಟನೇ ಶ್ರುತಿಗೆ ಎಂಟೇ ಸಿಗದಿದ್ದರೆ ಪಕ್ಕದ ಏಳು ಅಥವಾ ಒಂಬತ್ತು ಮಾತ್ರ ಹೊಂದುತ್ತದೆ.

ನಿನ್ನೆ ಬೆಳಿಗ್ಗೆ ಎಂಟನೇ ಶ್ರುತಿಯಲ್ಲಿ ಮಲಗಿದ್ದವನು ನನ್ನ ಅಣ್ಣ ಲೋಹಿತ. ಬೈಕಿನಿಂದ ಬಿದ್ದು ಅವನ ಮಿದುಳು ಸತ್ತಿತ್ತು. ಒಂಬತ್ತನೇ ಶ್ರುತಿಯಲ್ಲಿ ಅವನ ಹೃದಯ ಪಡೆಯಲಿದ್ದ ಹನ್ನೊಂದು ವರ್ಷದ ಹುಡುಗಿ, ನಫೀಸಾ.

"ಎರಡೂ ಹಾಡು ಬೆರೆತು ಮೂವತ್ತೆರಡು ಬಡಿತ ಆಯ್ತು ಸುಕೇಶ್, ಅಣ್ಣನ ಹಾಡಿನ ಬೇಸ್ ಇಳಿಸಿ," ಎಂದರು ಡಾಕ್ಟರ್ ವಿನೋದಿನಿ.

"ಇನ್ನೊಂದು ಸುತ್ತು ಮೇಡಂ. ಇವ ಎಲ್ಲಿಗೆ ಹೊರಡುವುದಿದ್ದರೂ ಲೇಟೇ ಮಾರಾಯ್ರೆ."

"ಎರಡು ಬೇಸ್ ಒಟ್ಟಿಗಿದ್ದರೆ ಮಗು ತಡೆಯೋದಿಲ್ಲ. ಇಳಿಸಿ."

ನನ್ನ ಬೆರಳು ನಡುಗಲಿಲ್ಲ, ನಡುಗಿದ್ದು ಆಸ್ಪತ್ರೆಯ ನಾಲ್ಕೂ ಮಹಡಿ. ಇಳಿಸಿದೆ.

ಹೊರಗೆ ಬಂದರೆ, ಕಾಯುವವರಿಗೆಂದು ಹಾಕಿದ ಸ್ಪೀಕರಿನ ಕೆಳಗೆ ಅಮ್ಮ ಕಣ್ಣು ಮುಚ್ಚಿ ನಿಂತಿದ್ದರು. ನಫೀಸಾಳ ಹಾಡು ಜೋರಾಗಿ ಬಡಿಯುತ್ತಿತ್ತು.

"ಕೇಳು ಮಗಾ," ಅಂದರು, "ಅಣ್ಣನದು ಇನ್ನೂ ನಿಂತಿಲ್ಲ."

ಇಗೋ, ಇಲ್ಲಿ ಮುಗಿಯಿತು ಅಮ್ಮ ಎಂದು ಒಂದು ಜಾಗ ತೋರಿಸಬೇಕಿತ್ತು. ಹುಡುಕಿದೆ. ನನಗೂ ಸಿಗಲಿಲ್ಲ.