ಕಂಬಳಿ ಒಣಗುವ ಜಾಗ

ಗೋಡೆಯ ಮೇಲಿನ ಸೋಲಾರ್ ಮೀಟರಿನ ಡಬ್ಬಿ ಸೊನ್ನೆ ತೋರಿಸುತ್ತಿತ್ತು. ಎಲೆಕ್ಟ್ರಿಷಿಯನ್ ಆಗಿದ್ದ ಸೊಸೆ ಅದರ ತಲೆಗೆ ಎರಡು ಸಲ ತಟ್ಟಿದಳು, ಸೊನ್ನೆ ಕದಲಲಿಲ್ಲ. ಈ ಮೋಡದೂರಿನಲ್ಲೂ ಸೋಲಾರ್ ಕರೆಂಟು ಬರುತ್ತದೆಂದು ತೋರಿಸಲು ಆಕೆ ಮೊದಲು ತನ್ನ ತಾರಸಿಯ ಮೇಲೇ ನಾಲ್ಕು ಫಲಕ ಹಾಕಿದ್ದಳು. ಇವತ್ತು ನೋಡಲು ಬಂದವನು ಪಕ್ಕದ ಮನೆಯ ಕ್ಷೌರಿಕ. ಬೀದಿಯವರ ತಲೆಯೆಲ್ಲ ಅವನ ಕೈಯಲ್ಲಿ. ಅವನು ಒಪ್ಪಿದರೆ ಬೀದಿಯೇ ಒಪ್ಪಿದಂತೆ, ಅವನು ನಕ್ಕರೆ ಅವಳ ಕೆಲಸಕ್ಕೆ ಕಲ್ಲು ಬಿದ್ದಂತೆ.

"ನಿನ್ನೆ ಇಂಥದೇ ಮೋಡದಲ್ಲಿ ನಾನೂರು ವ್ಯಾಟ್ ತೋರಿಸ್ತಿತ್ತು ಅಣ್ಣಾ!"

"ನಿನ್ನೆ ನನ್ನ ತಲೇಲೂ ಕೂದಲಿತ್ತು ಬಿಡಮ್ಮ," ಎಂದ ಬೋಳುತಲೆಯ ಕ್ಷೌರಿಕ.

"ನಾನು ಅವತ್ತೇ ಬಡ್ಕೊಂಡೆ," ಎಂದರು ಕುರ್ಚಿಯಲ್ಲಿದ್ದ ಅತ್ತೆ. "ಈ ಊರಲ್ಲಿ ಬಿಸಿಲೆಲ್ಲಿದೆ ಅಂತ?"

ಸೊಸೆ ಎರಡೆರಡು ಮೆಟ್ಟಿಲು ಹಾರಿ ತಾರಸಿಗೆ ಓಡಿದಳು. ಹಿಂದೆಯೇ ಕ್ಷೌರಿಕ, ಅವನ ಹಿಂದೆ ಏದುಸಿರು ಬಿಡುತ್ತ ಅತ್ತೆ. ನಾಲ್ಕು ಫಲಕಗಳ ಮೇಲೂ ಒಂದೊಂದು ದಪ್ಪ ಕಂಬಳಿ, ಒಂದೂ ಸುಕ್ಕಿಲ್ಲದಂತೆ ಹರಡಿತ್ತು.

"ಅತ್ತೇ! ಒಣಗಿಸೋಕೆ ಹಗ್ಗ ಇಲ್ವಾ?"

"ಹಗ್ಗದ ಮೇಲೆ ಮೂರು ದಿನ ಆದ್ರೂ ಹಸಿ ಹಸಿ. ಇಡೀ ಮನೇಲಿ ಬಿಸಿಲು ಚೆನ್ನಾಗಿ ಬೀಳೋದು ಇಲ್ಲೇ ಕಣೇ! ದಿನಾ ನೋಡ್ತೀನಲ್ಲ…" ಎಂದ ಅತ್ತೆ ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು.

ಕ್ಷೌರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆಯೂ ನಕ್ಕಳು. ಕೊನೆಗೆ ಸೆರಗು ಬಾಯಿಗೊತ್ತಿಕೊಂಡು ಅತ್ತೆಯೂ ನಕ್ಕರು.

"ಹಿಡಿಯಮ್ಮಾ ಆ ತುದಿ," ಎಂದು ಕ್ಷೌರಿಕ ಕಂಬಳಿಗೆ ಕೈಹಾಕಿದ. "ಮಡಚಿಟ್ಟು ಬಾ, ನನ್ನ ತಾರಸೀದೂ ಅಳತೆ ತಗೊಂಬಿಡು. ನಮ್ಮಮ್ಮನ ಕಂಬಳಿಗೂ ಪಕ್ಕದಲ್ಲಿ ಸ್ವಲ್ಪ ಜಾಗ ಬಿಡು!"