ದಾರಿ ತಪ್ಪಿ ಬಂದವನು

ಬೀದಿಯವರು ಹೊಸ್ತಿಲು ದಾಟುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಯಾರ ಮನೆಗೆ ಹೋಗಬೇಕಾದರೂ ಮನೆಮನೆಯಲ್ಲೂ ಕಾಣುವ, ಬೀದಿಗೆಲ್ಲ ಒಂದೇ ಆದ ಕಂಪ್ಯೂಟರ್ ಪರದೆಯಲ್ಲಿ ಅವರ ಫೋಲ್ಡರ್ ಒತ್ತಿದರೆ ಆಯಿತು. ಬಂದವರು ಒಂದು ಫೈಲನ್ನಾದರೂ ಒಯ್ಯುವುದು ವಾಡಿಕೆ. ಒಂಟಿ ಚಂದ್ರಮತಿ ದಿನಾ ತನ್ನ ಫೋಲ್ಡರಿನಲ್ಲಿ ಹೊಸದೊಂದು ಹಾಡು ಹಾಡಿಟ್ಟು ಕಾಯುತ್ತಿದ್ದಳು. ಯಾರೂ ಬರುತ್ತಿರಲಿಲ್ಲ.

ಇವತ್ತು ಪರದೆ ಟಿಣ್ ಎಂದಿತು.

“ತಪ್ಪಾಯ್ತು ಅಕ್ಕಾ,” ಎಂದಿತು ಎದುರುಮನೆ ಬಷೀರನ ದನಿ. “ಡಾಕ್ಟರ ಫೋಲ್ಡರ್ ಒತ್ತೋಕೆ ಹೋಗಿ ಪಕ್ಕದ ನಿಮ್ಮದನ್ನ ಒತ್ಬಿಟ್ಟೆ.”

“ಬಂದೋನು ಬರಿಗೈಲಿ ಹೋಗ್ತೀಯೇನೋ? ಒಂದು ಹಾಡು ತಗೊಂಡ್ಹೋಗು.”

“ಚಿಕ್ಕದಿದ್ರೆ ಕೊಡಿ, ಅಲ್ಲಿ ಕ್ಯೂ ಇದೆ.”

ಇದ್ದುದರಲ್ಲಿ ಚಿಕ್ಕದನ್ನೇ ಕೊಟ್ಟಳು. ಅವನು ಹೋದ ಮೇಲೆ ತನ್ನ ಫೋಲ್ಡರನ್ನು ಮೆಲ್ಲಗೆ ಎಳೆದು, ಡಾಕ್ಟರ ಫೋಲ್ಡರಿಗೆ ಇನ್ನಷ್ಟು ಹತ್ತಿರ ಇಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡು, ನಾಳೆಗೆಂದು ತೀರಾ ಚಿಕ್ಕದೊಂದು ಹಾಡು ಶುರುಮಾಡಿದಳು.