ಮುಯ್ಯಾಳು

ಮಾಗಿಯ ಚಳಿ ಹಿಡಿದಿತ್ತು, ರಾಗಿ ಕೊಯ್ಲು ನಡೆದಿತ್ತು. ಸುನಂದಕ್ಕನ ಹೊಲದಲ್ಲಿ ದಾಕ್ಷಾಯಿಣಿ ಬೆಳಗಿನಿಂದ ಮುಯ್ಯಾಳಾಗಿ ಕುಡುಗೋಲು ಹಿಡಿದಿದ್ದಳು. ಇಂದು ಇವಳು ಅಕ್ಕನ ಹೊಲಕ್ಕೆ, ನಾಳೆ ಅಕ್ಕ ಇವಳ ಹೊಲಕ್ಕೆ. ಮುಯ್ಯಿಯಲ್ಲಿ ಕೂಲಿಯ ಮಾತಿಲ್ಲ.

ಮಧ್ಯಾಹ್ನ ದಾಕ್ಷಾಯಿಣಿಗೆ ಮೊಬೈಲಿನಲ್ಲೇ ವಿಡಿಯೋ ಸಂದರ್ಶನವಿತ್ತು, ಊರೂರಿನ ಹೆಂಗಸರಿಗೆ ಹೈನುಗಾರಿಕೆ ಕಲಿಸುವ ಕೆಲಸಕ್ಕೆ. ವಾರದಿಂದ ಸುನಂದಕ್ಕನನ್ನೇ ಎದುರಿಗೆ ಕೂರಿಸಿಕೊಂಡು ಉತ್ತರ ಒಪ್ಪಿಸಿದ್ದಳು.

“ತಲೆನೋವು ಕಣೆ. ಚೂರು ಒರಗಿ ಬತ್ತೀನಿ,” ಎಂದು ಹೊಲದಂಚಿನ ಮನೆಗೆ ಹೋದ ಅಕ್ಕ ತಿರುಗಿ ಬರಲಿಲ್ಲ.

ಕರೆ ಬಂತು. ತಲೆಗೆ ಸುತ್ತಿದ್ದ ಹಳದಿ ಟವೆಲನ್ನೂ ಬಿಚ್ಚದೆ ದಾಕ್ಷಾಯಿಣಿ ಬದುವಿನ ಮೇಲೆ ಕೂತು, ಒಂದೂ ತಪ್ಪದೆ ಉತ್ತರಿಸಿದಳು.

ಪರದೆಯೊಳಗಿನ ಮೇಡಂ ಮುಖ ಸಣ್ಣದು ಮಾಡಿಕೊಂಡರು. “ಇದನ್ನೇ ನಿಮ್ಮೂರಿನ ಸುನಂದಾ ಈಗಷ್ಟೇ ಹೇಳಿದ್ರಮ್ಮ. ಅವರನ್ನೇ ತಗೊಂಡುಬಿಟ್ವಿ.”

ದಾಕ್ಷಾಯಿಣಿ ಮೊಬೈಲನ್ನು ಮುಖದ ಹತ್ತಿರಕ್ಕೆ ತಂದಳು. “ಅಕ್ಕಂಗೆ ಕೊಯ್ಲು ಐತಲ್ಲ ಮೇಡಂ. ಊರೂರು ತಿರುಗೋಕೆ ಪುರುಸೊತ್ತೆಲ್ಲಿ?”

“ನಾವೂ ಅದನ್ನೇ ಕೇಳಿದ್ವಿ. ಹೊಲಕ್ಕೆ ಕೂಲಿಯವಳನ್ನ ಇಟ್ಕೊಂಡಿದೀನಿ ಅಂದ್ರು. ಕಿಟಕಿಯಿಂದ ಫೋನ್ ತಿರುಗಿಸಿ ತೋರಿಸಿದ್ರು ಕೂಡ. ನಿಮ್ಮ ಥರಾನೇ, ತಲೆಗೆ ಹಳದಿ ಟವೆಲು.”